ಮದ್ದೂರಿಂದ ಮೈಸೂರಿಗೆ: ದೊಡ್ಡ ಸಂಖ್ಯೆಯೊಂದರ ಒಳಹೊಕ್ಕು ನೋಡುವ ಬಗೆ

ಮಂಡ್ಯದ ನಮ್ಮ ಮನೆ ಜಗಲಿಯಲ್ಲಿ ಭಾನುವಾರ ಬೆಳಿಗ್ಗೆ ಐದಾರು ಮಕ್ಕಳು ಲೆಕ್ಕ ಕಲಿಯಲು ಕೂರುತ್ತಾರೆ. ಎಲ್ಲರೂ ಎಸ್‌ಎಸ್‌ಎಲ್‌ಸಿ. ಒಬ್ಬ ಹುಡುಗ ಮದ್ದೂರಿನಿಂದ ರೈಲಿನಲ್ಲಿ ಬರುತ್ತಾನೆ. ಒಂದು ದಿನ ಅವನಿಗೆ ಹೇಳಿದೆ: ‘ಹಲಗೆ ಮೇಲೆ ಒಂದು ದೊಡ್ಡ ಸಂಖ್ಯೆ ಬರಿ. ಇವತ್ತು ಅದರ ಜಾತಕ ತೆಗೆಯೋಣ.’ ಅವನು ತನ್ನೂರಿನ ಪಿನ್ ಕೋಡನ್ನೇ ಎರಡು ಸಲ ಒತ್ತೊತ್ತಿಗೆ ಬರೆದ.

571428571428

ನೋಡಿದ ಕೂಡಲೇ ನನಗೆ ಖುಷಿ ತಡೆಯಲಾಗಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅವತ್ತು ನಾವು ಮಾಡಿದ ಕೆಲಸವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಬೇಕಾಗಿರುವುದು ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಕ್ಯಾಲ್ಕುಲೇಟರ್ ಇದ್ದರೂ ಸರಿ, ಆದರೆ ಮೊದಲ ಅರ್ಧ ಗಂಟೆ ಅದನ್ನು ಪಕ್ಕಕ್ಕಿಡಿ. ದೊಡ್ಡ ಸಂಖ್ಯೆ ಕಂಡ ತಕ್ಷಣ ಭಾಗಿಸಲು ಶುರು ಮಾಡುವುದೇ ಮಕ್ಕಳು ಮಾಡುವ ತಪ್ಪು. ಮೊದಲು ನೋಡಬೇಕು. ಅಂಕಿಗಳು ಯಾವ ಸಾಲಿನಲ್ಲಿ ನಿಂತಿವೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಹೀಗೆ ಕಣ್ಣಿಗೆ ಬಿದ್ದ ಸಂಖ್ಯೆಯನ್ನು ಸುಮ್ನೆ ಬಿಡದೆ ನೋಡುವ ಅಭ್ಯಾಸ ನಮ್ಮ ಕಡೆಯವರಿಗೆ ಹೊಸದಲ್ಲ. ಹಳೇ ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ ಹುಟ್ಟಿ, ಸಂಖ್ಯಾ ಸಿದ್ಧಾಂತದಲ್ಲಿ ದೊಡ್ಡ ಹೆಸರಾದ ಕೆ. ರಾಮಚಂದ್ರ ಅವರ ಬಗ್ಗೆ ಒಂದು ಕಥೆ ಹೇಳುತ್ತಾರೆ. ಓದುವ ದಿನಗಳಲ್ಲಿ ಅವರ ಪ್ರಿನ್ಸಿಪಾಲರ ಕಾರಿನ ನಂಬರ್ 3430. ಅದರಲ್ಲಿ ಏನಾದರೂ ವಿಶೇಷ ಇದೆಯೇ ಎಂದು ಹುಡುಕುತ್ತಾ ಹೋದವರಿಗೆ ಐದು ಹೆಜ್ಜೆ ಆಚೆ 3435 ಸಿಕ್ಕಿತಂತೆ. 3ರ ಘಾತ 3, 4ರ ಘಾತ 4, ಮತ್ತೆ 3ರ ಘಾತ 3, 5ರ ಘಾತ 5. ಅಂದರೆ 27 + 256 + 27 + 3125. ಕೂಡಿದರೆ ಸರಿಯಾಗಿ 3435.

ಮೊದಲ ಹಂತ: ಓದಿ, ಸಾಲು ಗಮನಿಸಿ

ನಮ್ಮ ಪದ್ಧತಿಯಲ್ಲಿ ಕಾಮಾ ಹಾಕಿದರೆ 5,71,42,85,71,428. ಐವತ್ತೇಳು ಸಾವಿರದ ನೂರ ನಲವತ್ತೆರಡು ಕೋಟಿ, ಎಂಬತ್ತೈದು ಲಕ್ಷದ ಎಪ್ಪತ್ತೊಂದು ಸಾವಿರದ ನಾನೂರ ಇಪ್ಪತ್ತೆಂಟು. ಬಾಯಿಬಿಟ್ಟು ಒಮ್ಮೆ ಓದಿ. ಸಂಖ್ಯೆ ಎಷ್ಟು ದೊಡ್ಡದು ಅನ್ನುವುದು ಆಗ ಮನಸ್ಸಿಗೆ ಬರುತ್ತದೆ.

ಆದರೆ ಹೀಗೆ ಕಾಮಾ ಹಾಕಿದಾಗ ಒಂದು ವಿಷಯ ಮರೆಯಾಗುತ್ತದೆ. ಆರು ಅಂಕಿಗಳ ಒಂದೇ ತುಂಡು ಇಲ್ಲಿ ಎರಡು ಸಲ ಬಂದಿದೆ. 571428 ಹಾಗೆಯೇ ಇರುವುದು ಒಂದು ಕಡೆ, ಅದನ್ನೇ ಹತ್ತು ಲಕ್ಷದಿಂದ ಗುಣಿಸಿದ್ದು ಇನ್ನೊಂದು ಕಡೆ. ಎರಡನ್ನೂ ಕೂಡಿದರೆ:

571428571428 = 571428 × 1000001

ಈ ಒಂದು ಸಾಲು ಕಾಣದಿದ್ದರೆ ಹನ್ನೆರಡು ಅಂಕಿಯ ಜೊತೆ ಗುದ್ದಾಡಬೇಕು. ಕಂಡರೆ ಆರು ಅಂಕಿ ಮತ್ತು ಏಳು ಅಂಕಿಯ ಎರಡು ಚಿಕ್ಕ ಸಂಖ್ಯೆಗಳ ಜೊತೆ ಕೆಲಸ.

ಎರಡನೇ ಹಂತ: ಕೊನೆಯ ಅಂಕಿಗಳು, ಅಂಕಿಗಳ ಮೊತ್ತ

ಇದು ಎಲ್ಲರಿಗೂ ಗೊತ್ತಿರುವುದೇ, ಬೇಗ ಮುಗಿಸೋಣ. ಕೊನೆಯ ಎರಡು ಅಂಕಿ 28, ನಾಲ್ಕರಿಂದ ಭಾಗ ಹೋಗುತ್ತದೆ. ಕೊನೆಯ ಮೂರು ಅಂಕಿ 428, ಎಂಟರಿಂದ ಹೋಗುವುದಿಲ್ಲ. ಹಾಗಾಗಿ ಇದರೊಳಗೆ 2 ಇರುವುದು ಸರಿಯಾಗಿ ಎರಡು ಸಲ. ಕೊನೆಯಲ್ಲಿ 0 ಅಥವಾ 5 ಇಲ್ಲ, ಆದ್ದರಿಂದ 5 ಇಲ್ಲ. ಅಂಕಿಗಳ ಮೊತ್ತ 54, ಒಂಬತ್ತರಿಂದ ಭಾಗ ಹೋಗುತ್ತದೆ. ಆದರೆ 3 ಎರಡೇ ಸಲ ಇದೆಯೋ, ಇನ್ನೂ ಜಾಸ್ತಿ ಇದೆಯೋ? ಅಂಕಿಗಳ ಮೊತ್ತ ಅದನ್ನು ಹೇಳುವುದಿಲ್ಲ. 54 ಎಂಬುದು 27ರ ಗುಣಕ, ಆದ್ದರಿಂದ ಸಂಖ್ಯೆಯೂ 27ರ ಗುಣಕ ಎಂದು ಕೆಲವು ಮಕ್ಕಳು ಬರೆದುಬಿಡುತ್ತಾರೆ. ಆ ತರ್ಕ ತಪ್ಪು. 1899 ತೆಗೆದುಕೊಳ್ಳಿ, ಅಂಕಿಗಳ ಮೊತ್ತ 27. ಆದರೆ 27ರಿಂದ ಭಾಗಿಸಿದರೆ ಶೇಷ 9 ಉಳಿಯುತ್ತದೆ. 27ಕ್ಕೆ ಬೇರೆ ಪರೀಕ್ಷೆ ಬೇಕು.

ಮೂರನೇ ಹಂತ: ಮೂರು ಮೂರು ಅಂಕಿಯ ಗುಂಪು

ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಸಾವಿರದ ಎರಡೂ ಪಕ್ಕದಲ್ಲಿರುವ ಸಂಖ್ಯೆಗಳನ್ನು ನೋಡಿ.

999 = 27 × 37
1001 = 7 × 11 × 13

ಸಾವಿರ ಎಂದರೆ 999ಕ್ಕಿಂತ ಒಂದು ಜಾಸ್ತಿ, 1001ಕ್ಕಿಂತ ಒಂದು ಕಡಿಮೆ. ಅಂದರೆ 999ರಿಂದ ಭಾಗಿಸುವಾಗ ಪ್ರತಿ ಸಾವಿರದ ಜಾಗದಲ್ಲಿ ಸುಮ್ನೆ 1 ಎಂದು ಇಟ್ಟುಕೊಳ್ಳಬಹುದು. 1001ರಿಂದ ಭಾಗಿಸುವಾಗ ಕಳೆಯುವ 1 ಎಂದು ಇಟ್ಟುಕೊಳ್ಳಬಹುದು. ಹಾಗಾದರೆ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಯಾಗಿ ಕತ್ತರಿಸಿದರೆ ಸಾಕು. ಗುಂಪುಗಳನ್ನು ಕೂಡಿದರೆ 27 ಮತ್ತು 37ರ ಪರೀಕ್ಷೆ. ಒಂದು ಬಿಟ್ಟು ಒಂದು ಕೂಡಿ ಕಳೆದರೆ 7, 11, 13ರ ಪರೀಕ್ಷೆ. ಒಂದೇ ಕತ್ತರಿಯಲ್ಲಿ ಐದು ಪರೀಕ್ಷೆ.

ನಮ್ಮ ಗುಂಪುಗಳು: 571, 428, 571, 428.

ಮೊದಲು ಕೂಡೋಣ. 571 + 428 = 999. ಎರಡು ಸಲ ಇರುವುದರಿಂದ ಒಟ್ಟು 1998. ಇದು 999ರ ಎರಡರಷ್ಟು! ಅಂದರೆ 27 ಕೂಡ ಇದೆ, 37 ಕೂಡ ಇದೆ. ಮಕ್ಕಳು ಇಲ್ಲಿ ಒಮ್ಮೆ ಸುಮ್ಮನಾದರು. ಪಿನ್ ಕೋಡಿನ ಎರಡು ಅರ್ಧ ಕೂಡಿ ಸರಿಯಾಗಿ 999 ಆಗುವುದು ಯಾವಾಗಲೂ ಸಿಗುವ ಸಂಗತಿ ಅಲ್ಲ.

ಈಗ ಕಳೆಯೋಣ. 428 − 571 + 428 − 571 = −286. ಋಣ ಚಿಹ್ನೆ ಬಿಟ್ಟುಬಿಡಿ. 286 = 2 × 11 × 13. ಹಾಗಾಗಿ 11 ಇದೆ, 13 ಇದೆ. 7? 286ನ್ನು 7ರಿಂದ ಭಾಗಿಸಿದರೆ ಶೇಷ 6. ಆದ್ದರಿಂದ 7 ಇಲ್ಲ. ಇಲ್ಲಿ ಎಚ್ಚರಿಕೆ ಬೇಕು. 1001ರ ಪರೀಕ್ಷೆಯಲ್ಲಿ ಬಂದ ಉತ್ತರವನ್ನು 7, 11, 13ರಿಂದ ಬೇರೆ ಬೇರೆಯಾಗಿ ನೋಡಬೇಕು. ಒಂದು ಹೋಯಿತೆಂದು ಮೂರನ್ನೂ ಬರೆದುಕೊಳ್ಳಬಾರದು. ಈ ‘7 ಇಲ್ಲ’ ಎಂಬುದನ್ನು ನೆನಪಿಡಿ, ಅದರ ಹಿಂದೆ ಒಂದು ಕಥೆಯಿದೆ.

ನಾಲ್ಕನೇ ಹಂತ: ಎರಡೆರಡು ಅಂಕಿಯ ಗುಂಪು

ಇದೇ ಉಪಾಯವನ್ನು ನೂರಕ್ಕೂ ಹಾಕಬಹುದು. 101 ಅವಿಭಾಜ್ಯ, ಅಂದರೆ 1 ಮತ್ತು ತನ್ನಿಂದ ಮಾತ್ರ ಭಾಗವಾಗುವ ಸಂಖ್ಯೆ. ನೂರು ಅದಕ್ಕಿಂತ ಒಂದು ಕಡಿಮೆ. 57, 14, 28, 57, 14, 28 ಎಂದು ಕತ್ತರಿಸಿ, ಬಲದಿಂದ 28 − 14 + 57 − 28 + 14 − 57. ಉತ್ತರ ಸೊನ್ನೆ. ಅಂದರೆ 101 ಇದೆ. ಪಿನ್ ಕೋಡ್ ಎರಡು ಸಲ ಬಂದಿದೆ ಎಂಬುದು ಕಣ್ಣಿಗೆ ಬೀಳದಿದ್ದರೂ ಈ ಪರೀಕ್ಷೆ ಅದನ್ನು ಹಿಡಿದುಕೊಡುತ್ತದೆ.

ಈಗ ಸಿಕ್ಕಿದ್ದನ್ನೆಲ್ಲ ಗುಣಿಸೋಣ. 4 × 27 × 11 × 13 × 37 = 571428. ಪಿನ್ ಕೋಡ್ ಪೂರ್ತಿ ಬಿಚ್ಚಿಕೊಂಡಿತು. ಉಳಿದದ್ದು 1000001, ಅದರಲ್ಲಿ 101 ಸಿಕ್ಕಿದೆ. 1000001 ÷ 101 = 9901.

ಐದನೇ ಹಂತ: ಉಳಿದ ತುಂಡು ಅವಿಭಾಜ್ಯವೇ?

9901 ಎಂಬ ಒಂದೇ ತುಂಡು ಬಾಕಿ. ಇದರ ವರ್ಗಮೂಲ ನೂರಕ್ಕಿಂತ ಸ್ವಲ್ಪ ಕಡಿಮೆ. ಒಂದು ಸಂಖ್ಯೆ ಎರಡು ಭಾಗವಾಗಿ ಒಡೆದರೆ ಒಂದು ಭಾಗವಾದರೂ ವರ್ಗಮೂಲವನ್ನು ಮೀರುವುದಿಲ್ಲ, ಅಲ್ವಾ? ಹಾಗಾಗಿ 97ರವರೆಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. 2, 3, 5 ಇಲ್ಲ ಎಂಬುದು ನೋಡಿದರೇ ಗೊತ್ತಾಗುತ್ತದೆ. 7ರಿಂದ 97ರವರೆಗೆ 22 ಅವಿಭಾಜ್ಯಗಳಿವೆ. ಅಷ್ಟನ್ನೂ ಭಾಗಿಸಿ ನೋಡಿದರೆ ತಪ್ಪೇನಿಲ್ಲ.

ಆದರೆ ಇದಕ್ಕಿಂತ ಚಂದದ ದಾರಿ ಇದೆ. ಒಂದು ಅವಿಭಾಜ್ಯವನ್ನು ತೆಗೆದುಕೊಳ್ಳಿ. 10, 100, 1000 ಹೀಗೆ ಹತ್ತರ ಘಾತಗಳನ್ನು ಅದರಿಂದ ಭಾಗಿಸುತ್ತಾ ಶೇಷ ಬರೆಯಿರಿ. ಮೊದಲ ಸಲ ಶೇಷ 1 ಬರುವುದು ಎಷ್ಟನೇ ಹೆಜ್ಜೆಯಲ್ಲೋ ಅದನ್ನು ‘ಸುತ್ತು’ ಎಂದು ಕರೆಯೋಣ. ಉದಾಹರಣೆಗೆ 11ಕ್ಕೆ ಸುತ್ತು 2, ಯಾಕೆಂದರೆ 100 − 1 = 99. ಫ್ರೆಂಚ್ ಗಣಿತಜ್ಞ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ಬರೆದ ಮಾತಿನಿಂದ ಗೊತ್ತಾಗುವುದು ಇಷ್ಟು: 2 ಮತ್ತು 5 ಬಿಟ್ಟು ಯಾವುದೇ ಅವಿಭಾಜ್ಯದ ಸುತ್ತು, ಆ ಅವಿಭಾಜ್ಯದಲ್ಲಿ ಒಂದು ಕಳೆದರೆ ಬರುವ ಸಂಖ್ಯೆಯನ್ನು ಭಾಗಿಸಲೇಬೇಕು.

ಈಗ 9901ನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದು 1000001ನ್ನೂ ಭಾಗಿಸುತ್ತದೆ. ಅಂದರೆ ಹತ್ತರ ಆರನೇ ಘಾತದ ಶೇಷ −1, ಹನ್ನೆರಡನೇ ಘಾತದ ಶೇಷ 1. ಸುತ್ತು 12ನ್ನು ಭಾಗಿಸಬೇಕು, 6ನ್ನು ಭಾಗಿಸಬಾರದು. ಉಳಿಯುವುದು 4 ಅಥವಾ 12. ಸುತ್ತು 4 ಇರುವ ಅವಿಭಾಜ್ಯ 9999ನ್ನು ಭಾಗಿಸಬೇಕು. 9999 = 9 × 11 × 101. ಇದರಲ್ಲಿ ಸುತ್ತು 4 ಇರುವುದು 101 ಒಂದಕ್ಕೇ. 101 ನಮ್ಮ 9901ನ್ನು ಭಾಗಿಸುವುದಿಲ್ಲ, ಶೇಷ 3. ಹಾಗಾಗಿ ಸುತ್ತು 12 ಆಗಲೇಬೇಕು. ಆಗ ಆ ಅವಿಭಾಜ್ಯ 12ರ ಗುಣಕಕ್ಕಿಂತ ಒಂದು ಜಾಸ್ತಿ ಇರಬೇಕು. ನೂರರೊಳಗೆ ಅಂಥವು 13, 37, 61, 73, 97. ಐದೇ ಐದು. ಶೇಷಗಳು ಕ್ರಮವಾಗಿ 8, 22, 19, 46, 7. ಯಾವುದೂ ಹೋಗಲಿಲ್ಲ. 9901 ಅವಿಭಾಜ್ಯ.

22 ಭಾಗಾಕಾರದ ಜಾಗದಲ್ಲಿ ಐದು. ಮೊದಲ ಸಲ ಓದಿದಾಗ ಈ ತರ್ಕ ಕಷ್ಟ ಅನ್ನಿಸಬಹುದು. ಪೆನ್ಸಿಲ್ ಹಿಡಿದು ಇನ್ನೊಮ್ಮೆ ಓದಿ, ಹಿಡಿತಕ್ಕೆ ಬರುತ್ತದೆ.

ಅಂತೂ ನಮ್ಮ ಸಂಖ್ಯೆಯ ಪೂರ್ತಿ ಬಿಡಿಸಿದ ರೂಪ:

571428571428 = 2² × 3³ × 11 × 13 × 37 × 101 × 9901

ಹತ್ತನೇ ತರಗತಿಯ ಪುಸ್ತಕದಲ್ಲಿ ಅಂಕಗಣಿತದ ಮೂಲಭೂತ ಪ್ರಮೇಯ ಎಂದು ಓದುತ್ತಾರಲ್ಲ, ಅದರ ಅರ್ಥ ಇದೇ. ಯಾರು ಯಾವ ದಾರಿಯಲ್ಲಿ ಬಿಡಿಸಿದರೂ ಕೊನೆಗೆ ಸಿಗುವುದು ಇದೇ ಏಳು ಅವಿಭಾಜ್ಯಗಳು, ಇದೇ ಘಾತಗಳು.

ಆರನೇ ಹಂತ: ಬಿಡಿಸಿದ್ದರಿಂದ ಓದಿಕೊಳ್ಳುವುದು

ಎಷ್ಟು ಭಾಜಕಗಳು? 2ನ್ನು ಸೊನ್ನೆ, ಒಂದು ಅಥವಾ ಎರಡು ಸಲ ತೆಗೆದುಕೊಳ್ಳಬಹುದು, ಮೂರು ಆಯ್ಕೆ. 3ಕ್ಕೆ ನಾಲ್ಕು ಆಯ್ಕೆ. ಉಳಿದ ಐದು ಅವಿಭಾಜ್ಯಗಳಿಗೆ ಬೇಕು ಅಥವಾ ಬೇಡ, ಎರಡೆರಡು ಆಯ್ಕೆ. 3 × 4 × 2 × 2 × 2 × 2 × 2 = 384. ಹನ್ನೆರಡು ಅಂಕಿಯ ಸಂಖ್ಯೆಯ ಎಲ್ಲ ಭಾಜಕಗಳನ್ನೂ ಬರೆಯದೆಯೇ ಎಣಿಸಿ ಮುಗಿಸಿದೆವು.

ಭಾಜಕಗಳ ಮೊತ್ತಕ್ಕೂ ಇದೇ ರೀತಿ. 2ರಿಂದ 1 + 2 + 4 = 7, 3ರಿಂದ 1 + 3 + 9 + 27 = 40, ಉಳಿದವುಗಳಿಂದ 12, 14, 38, 102, 9902. ಎಲ್ಲ ಗುಣಿಸಿದರೆ 18,05,40,23,50,080. ಇದು ಹದಿಮೂರು ಅಂಕಿ. ಅಂಗಡಿಯಲ್ಲಿ ಇಡುವ ಹನ್ನೆರಡು ಅಂಕಿಯ ಕ್ಯಾಲ್ಕುಲೇಟರ್‌ನಲ್ಲಿ ಇದು ಹಿಡಿಸುವುದಿಲ್ಲ. ಕೊನೆಯ ಗುಣಾಕಾರ ಕೈಯಲ್ಲೇ ಮಾಡಿ: 9902ರಿಂದ ಗುಣಿಸುವುದೆಂದರೆ ಹತ್ತು ಸಾವಿರದಿಂದ ಗುಣಿಸಿ, 98ರಷ್ಟನ್ನು ಕಳೆಯುವುದು. ಕಂಪ್ಯೂಟರಿನ ಎಕ್ಸೆಲ್ 15 ಅಂಕಿಗಳವರೆಗೆ ಸರಿಯಾಗಿ ಇಟ್ಟುಕೊಳ್ಳುತ್ತದೆ, ಇನ್ನೂ ದೊಡ್ಡದಾದರೆ ಕೊನೆಯ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ. ಸಂಖ್ಯೆಗಳ ಗುಣ ನೋಡುವವರಿಗೆ ಕೊನೆಯ ಅಂಕಿಯೇ ಮುಖ್ಯ, ಆದ್ದರಿಂದ ಎಚ್ಚರ.

ತಾಳೆ ನೋಡುವುದನ್ನು ಬಿಡಬೇಡಿ. ಒಂಬತ್ತರ ತಾಳೆ ಎಲ್ಲರೂ ಮಾಡುತ್ತಾರೆ. ಇಲ್ಲಿ ಅದು ಅಷ್ಟು ಗಟ್ಟಿ ಅಲ್ಲ. ಗುಣಿಸಿದ ಸಂಖ್ಯೆಗಳಲ್ಲಿ 12 ಮತ್ತು 102 ಎರಡೂ ಮೂರರ ಗುಣಕಗಳು, ಹಾಗಾಗಿ ಒಂಬತ್ತರ ಶೇಷ ಸೊನ್ನೆ ಆಗಿಬಿಡುತ್ತದೆ. ಉಳಿದ ಐದರಲ್ಲಿ ಯಾವುದನ್ನು ತಪ್ಪಾಗಿ ಬರೆದುಕೊಂಡು ಗುಣಿಸಿದರೂ ಆ ತಾಳೆ ಹಿಡಿಯುವುದಿಲ್ಲ. ಅದಕ್ಕೇ ಹನ್ನೊಂದರ ತಾಳೆ ಮಾಡಿ. 7, 40, 12, 14, 38, 102, 9902ರ ಶೇಷಗಳು 7, 7, 1, 3, 5, 3, 2. ಗುಣಿಸುತ್ತಾ ಹನ್ನೊಂದನ್ನು ಬಿಸಾಡಿದರೆ ಉಳಿಯುವುದು 10. ಉತ್ತರದ ಅಂಕಿಗಳನ್ನು ಬಲದಿಂದ ಕೂಡಿ ಕಳೆದರೆ −12, ಅಂದರೆ ಅದೂ 10. ಸರಿ ಹೋಯಿತು.

ಈಗ ಆ ಮೊತ್ತದಿಂದ ಸಂಖ್ಯೆಯನ್ನೇ ಕಳೆಯಿರಿ. 12,33,97,37,78,652 ಉಳಿಯುತ್ತದೆ. ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತವೇ ಸಂಖ್ಯೆಯ ಎರಡರಷ್ಟಕ್ಕಿಂತ ಜಾಸ್ತಿ. 6 ಮತ್ತು 28ರಲ್ಲಿ ಈ ಮೊತ್ತ ಸಂಖ್ಯೆಗೆ ಸರಿಸಮ ಬರುತ್ತದೆ, ಅವು ಪರಿಪೂರ್ಣ ಸಂಖ್ಯೆಗಳು. ನಮ್ಮದು ಸಮೃದ್ಧ ಸಂಖ್ಯೆ, ಅದೂ ತುಂಬಿ ತುಳುಕುವಷ್ಟು.

ಇದಕ್ಕಿಂತ ಚಿಕ್ಕದಾಗಿದ್ದು, ಇದರ ಜೊತೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕ ಇಲ್ಲದ ಸಂಖ್ಯೆಗಳು ಎಷ್ಟು ಎಂದೂ ಹೇಳಬಹುದು. ಗಣಿತಜ್ಞ ಆಯ್ಲರ್ ಕೊಟ್ಟ ದಾರಿಯಂತೆ 4 − 2, 27 − 9, ಉಳಿದ ಐದು ಅವಿಭಾಜ್ಯಗಳಲ್ಲಿ ತಲಾ ಒಂದು ಕಳೆದದ್ದು, ಇವನ್ನೆಲ್ಲ ಗುಣಿಸಬೇಕು: 2 × 18 × 10 × 12 × 36 × 100 × 9900 = 1,53,96,48,00,000. ಇನ್ನೊಂದು ಸಣ್ಣ ಗುಣ: ಇದು ತನ್ನ ಅಂಕಿಗಳ ಮೊತ್ತವಾದ 54ರಿಂದ ಭಾಗವಾಗುತ್ತದೆ. ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಪ್ರೇಕರ್ ಇಂಥವುಗಳಿಗೆ ಹರ್ಷದ ಸಂಖ್ಯೆ ಎಂದು ಹೆಸರಿಟ್ಟರು. ಹರ್ಷ ಕೊಡುವ ಸಂಖ್ಯೆ.

ಏಳು ಎಲ್ಲಿ ಹೋಯಿತು?

ಹಲಗೆ ಮೇಲೆ ಸಂಖ್ಯೆ ನೋಡಿದಾಗ ನನಗೆ ಆದ ಖುಷಿಯ ಕಾರಣ ಈಗ ಹೇಳುತ್ತೇನೆ. 4ನ್ನು 7ರಿಂದ ಭಾಗಿಸಿ, ದಶಮಾಂಶದಲ್ಲಿ ಬರೆಯಿರಿ. 0.571428571428571428... ಮದ್ದೂರಿನ ಪಿನ್ ಕೋಡ್ ಕೊನೆಯಿಲ್ಲದೆ ಬರುತ್ತಲೇ ಇರುತ್ತದೆ!

ನಮ್ಮ ಸಂಖ್ಯೆಯನ್ನು 7ರಿಂದ ಗುಣಿಸಿದರೆ 3999999999996. ಅಂದರೆ ಹನ್ನೆರಡು ಒಂಬತ್ತುಗಳ ನಾಲ್ಕರಷ್ಟು. ಹನ್ನೆರಡು ಒಂಬತ್ತುಗಳ ಸಂಖ್ಯೆಯನ್ನು ಬಿಡಿಸಿದರೆ 3³ × 7 × 11 × 13 × 37 × 101 × 9901. ಅದರಿಂದ 7ನ್ನು ತೆಗೆದು 4ನ್ನು ಸೇರಿಸಿದರೆ ನಮ್ಮ ಸಂಖ್ಯೆ. ಮೂರನೇ ಹಂತದಲ್ಲಿ 11, 13 ಸಿಕ್ಕಿ 7 ಮಾತ್ರ ಸಿಗದೇ ಹೋದದ್ದು ಇದೇ ಕಾರಣಕ್ಕೆ. ಆ ಏಳನ್ನು ಮೊದಲೇ ಭಾಗಿಸಿ ತೆಗೆದಾಗಿತ್ತು.

571ಕ್ಕೆ 428 ಕೂಡಿ 999 ಬಂದದ್ದೂ ಆಕಸ್ಮಿಕವಲ್ಲ. ಅವಿಭಾಜ್ಯದಿಂದ ಭಾಗಿಸಿದಾಗ ಮರುಕಳಿಸುವ ಅಂಕಿಗಳ ಸಂಖ್ಯೆ ಸಮ ಆಗಿದ್ದರೆ, ಎರಡು ಅರ್ಧಗಳ ಮೊತ್ತ ಯಾವಾಗಲೂ ಒಂಬತ್ತುಗಳ ಸಾಲು. ಮಿಡಿ ಎಂಬ ಫ್ರೆಂಚ್ ಗಣಿತಜ್ಞ 1836ರಲ್ಲಿ ಇದನ್ನು ತೋರಿಸಿದ. ಏಳರ ಆರು ಭಿನ್ನರಾಶಿಗಳಲ್ಲೂ ಇದೇ ಆರು ಅಂಕಿಗಳು ಸುತ್ತು ಹೊಡೆಯುತ್ತವೆ: 142857, 285714, 428571, 571428, 714285, 857142.

ಏಳರ ಈ ಆಟ ಕನ್ನಡ ನಾಡಿಗೆ ಹಳೆಯ ಪರಿಚಯ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಒಂಬತ್ತನೇ ಶತಮಾನದ ತನ್ನ ಗಣಿತಸಾರಸಂಗ್ರಹದಲ್ಲಿ ಕೊರಳ ಹಾರದಂಥ ಗುಣಲಬ್ಧಗಳನ್ನು ಕೊಡುತ್ತಾನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಗಳು. ಅದರಲ್ಲಿ ಒಂದು 142857143 × 7 = 1000000001. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಹಾರದ ಮಣಿಗಳನ್ನು ಮದ್ದೂರಿನ ಅಂಚೆ ವಿಳಾಸದಲ್ಲಿ ನೋಡಿ ಮಕ್ಕಳ ಕಣ್ಣು ಅರಳಿತು.

ಮುಂದಿನ ಸ್ಟೇಷನ್: ಮಂಡ್ಯ

ನಮ್ಮೂರಿನದು 571401. ಮದ್ದೂರಿಗಿಂತ 27 ಕಡಿಮೆ ಅಷ್ಟೇ. 571 + 401 = 972 = 27 × 36. ಹಾಗಾದರೆ 27 ಇಲ್ಲೂ ಇದೆ. ಭಾಗಿಸಿದರೆ 21163. ಎರಡೂ ಊರಿನ ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) ಯೂಕ್ಲಿಡ್‌ನ ರೀತಿಯಲ್ಲಿ ಎರಡೇ ಸಾಲಿನಲ್ಲಿ ಸಿಗುತ್ತದೆ. ದೊಡ್ಡದರಿಂದ ಚಿಕ್ಕದನ್ನು ಕಳೆದರೆ 27, ಅದರಿಂದ 571401 ಪೂರ್ತಿ ಭಾಗವಾಗುತ್ತದೆ. ಉತ್ತರ 27.

ಈಗ 21163. ವರ್ಗಮೂಲ 145ಕ್ಕಿಂತ ಸ್ವಲ್ಪ ಜಾಸ್ತಿ. 7ರಿಂದ 139ರವರೆಗೆ 31 ಅವಿಭಾಜ್ಯಗಳನ್ನು ನೋಡಬೇಕು. ಇಲ್ಲಿ ಸಾಲು ಯಾವ ಸುಳಿವೂ ಕೊಡುವುದಿಲ್ಲ. ಆದರೂ ಪಕ್ಕದ ಊರು ಸಹಾಯಕ್ಕೆ ಬರುತ್ತದೆ. 571428ನ್ನು 27ರಿಂದ ಭಾಗಿಸಿದರೆ 21164, ಅದು 4 × 11 × 13 × 37. ಅದಕ್ಕಿಂತ ಒಂದು ಕಡಿಮೆ ಇರುವ 21163ನ್ನು 11, 13, 37 ಭಾಗಿಸಲಾರವು. ಮೂರು ಉಳಿತಾಯ. 12 × 41 × 43 = 21156, ಹಾಗಾಗಿ 41ಕ್ಕೂ 43ಕ್ಕೂ ಶೇಷ 7. ಉಳಿದ 26ನ್ನು ಒಂದೊಂದಾಗಿ ಭಾಗಿಸಲೇಬೇಕು, ಬೇರೆ ದಾರಿಯಿಲ್ಲ. ಹತ್ತಿರ ಬಂದದ್ದು 83, ಶೇಷ 81. ಕೊನೆಯ 139ಕ್ಕೆ ಶೇಷ 35. ಯಾವುದೂ ಹೋಗುವುದಿಲ್ಲ. 21163 ಅವಿಭಾಜ್ಯ.

571401 = 3³ × 21163. ಭಾಜಕಗಳು ಎಂಟೇ ಎಂಟು: 1, 3, 9, 27, 21163, 63489, 190467, 571401. ಮದ್ದೂರಿನ 571428ಕ್ಕೆ 96 ಭಾಜಕಗಳು. ನಕ್ಷೆಯಲ್ಲಿ ಪಕ್ಕ ಪಕ್ಕ, ಸಂಖ್ಯಾರೇಖೆಯಲ್ಲೂ ಪಕ್ಕ ಪಕ್ಕ. ಒಳಗಿನ ಕಟ್ಟು ಮಾತ್ರ ಪೂರ್ತಿ ಬೇರೆ.

ಶ್ರೀರಂಗಪಟ್ಟಣದ 571438ನ್ನು ನೀವೇ ಮಾಡಿ ನೋಡಿ. 438 − 571 = −133 = −(7 × 19) ಎಂದು ಶುರು ಮಾಡಿದರೆ ಏಳು ಸಿಗುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ, ಸಿಕ್ಕ ಅವಿಭಾಜ್ಯದಿಂದ ಮತ್ತೆ ಮತ್ತೆ ಭಾಗಿಸಿ. ಉತ್ತರ 2 × 7⁵ × 17. ಮದ್ದೂರಿನಲ್ಲಿ ಇಲ್ಲದ ಏಳು ಇಲ್ಲಿ ಐದು ಸಲ ಕೂತಿದೆ!

ಕೊನೆಯ ಸ್ಟೇಷನ್: ಮೈಸೂರು

570001. ಅಗ್ಗದ ಪರೀಕ್ಷೆಗಳನ್ನೆಲ್ಲ ಹಾಕಿ. 570 + 1 = 571, ಇದರಲ್ಲಿ 3 ಇಲ್ಲ, 37 ಇಲ್ಲ. 1 − 570 = −569, ಇದರಲ್ಲಿ 7, 11, 13 ಇಲ್ಲ. 1 − 0 + 57 = 58, ಹಾಗಾಗಿ 101 ಇಲ್ಲ. ಸುಲಭದ ಬಾಗಿಲುಗಳೆಲ್ಲ ಮುಚ್ಚಿದವು. 755ರ ವರ್ಗ 570025, ಆದ್ದರಿಂದ ವರ್ಗಮೂಲ 755ಕ್ಕಿಂತ ಕೂದಲೆಳೆಯಷ್ಟು ಕಡಿಮೆ. 755ರೊಳಗೆ 133 ಅವಿಭಾಜ್ಯಗಳಿವೆ. 2, 3, 5, 7, 11, 13, 37, 101 ಬಿಟ್ಟರೆ 125. ಐದು ಮಕ್ಕಳು ತಲಾ 25 ಹಂಚಿಕೊಂಡರು. 103 ಒಂದರಲ್ಲಿ ತಪ್ಪಿತು, ಯಾಕೆಂದರೆ 103 × 5534 = 570002. 59ಕ್ಕೆ ಶೇಷ 2. ಕೊನೆಯ 751ಕ್ಕೆ ಶೇಷ 743. ಯಾವುದೂ ಹೋಗಲಿಲ್ಲ.

ಆದರೆ ಐದು ಕೈಯಲ್ಲಿ 125 ಭಾಗಾಕಾರ ನಡೆದರೆ ಎಲ್ಲೋ ಒಂದು ಕಡೆ ತಪ್ಪಿರಬಹುದು. ಅದೇ ಲೆಕ್ಕವನ್ನು ಮತ್ತೆ ಮಾಡಿಸಿದರೆ ಅದೇ ತಪ್ಪು ಮರಳಿ ಬರಬಹುದು. ಅದಕ್ಕೇ ಪೂರ್ತಿ ಬೇರೆ ದಾರಿಯಿಂದ ತಾಳೆ ನೋಡಿದೆವು. ಈ ಸಂಖ್ಯೆಯನ್ನು 4ರಿಂದ ಭಾಗಿಸಿದರೆ ಶೇಷ 1. ಅಂಥ ಸಂಖ್ಯೆ ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬಂದು, ಆ ಎರಡಕ್ಕೂ ಸಾಮಾನ್ಯ ಭಾಜಕ ಇಲ್ಲದಿದ್ದರೆ ಅದು ಅವಿಭಾಜ್ಯ ಎಂದು ಆಯ್ಲರ್ ತೋರಿಸಿದ್ದಾನೆ. ಎರಡು ರೀತಿಯಲ್ಲಿ ಬಂದರೆ ಅದು ಒಡೆಯುತ್ತದೆ. ನಮ್ಮ 1000001ನ್ನೇ ನೋಡಿ: 1000² + 1² ಕೂಡ ಹೌದು, 980² + 199² ಕೂಡ ಹೌದು. ಅದು 101 × 9901 ಆಗಿ ಒಡೆದದ್ದು ನಮಗೆ ಗೊತ್ತು.

ಮೈಸೂರಿನ ಸಂಖ್ಯೆಗೆ ಹುಡುಕಾಟ ಕಡಿಮೆ ಮಾಡಿಕೊಳ್ಳಬಹುದು. 570000 ಎಂಬುದು 16ರಿಂದಲೂ 25ರಿಂದಲೂ ಭಾಗವಾಗುತ್ತದೆ. ಅದರಿಂದ ಇಷ್ಟು ಸಿಗುತ್ತದೆ: ಎರಡರಲ್ಲಿ ಸಮಸಂಖ್ಯೆ 4ರ ಗುಣಕ ಆಗಿರಬೇಕು, ಬೆಸಸಂಖ್ಯೆ 8ರ ಗುಣಕದ ಪಕ್ಕದಲ್ಲಿರಬೇಕು. ಹಾಗೆಯೇ ಒಂದು 5ರ ಗುಣಕ, ಇನ್ನೊಂದು 25ರ ಗುಣಕದ ಪಕ್ಕದ್ದು. ಬೆಸಸಂಖ್ಯೆ 25ರ ಪಕ್ಕದ್ದಾದರೆ 1, 49, 151, 199, 201 ಹೀಗೆ 751ರವರೆಗೆ ಹದಿನೈದು. ಸಮಸಂಖ್ಯೆ ಪಕ್ಕದ್ದಾದರೆ 24, 76, 124, 176 ಹೀಗೆ 724ರವರೆಗೆ ಹದಿನೈದು. ಒಟ್ಟು ಮೂವತ್ತು. ಪ್ರತಿಯೊಂದರ ವರ್ಗವನ್ನು 570001ರಿಂದ ಕಳೆದು, ಉಳಿದದ್ದು ವರ್ಗವೇ ಎಂದು ನೋಡುತ್ತಾ ಹೋಗಿ. ಮೊದಲ ಹದಿನೈದರಲ್ಲಿ ಒಂದೂ ಇಲ್ಲ. ಎರಡನೇ ಸಾಲಿನಲ್ಲಿ ಹದಿಮೂರನೆಯದಕ್ಕೆ ಬಂದಾಗ, 624ರ ವರ್ಗ 389376ನ್ನು ಕಳೆದರೆ 180625 ಉಳಿಯಿತು. ಮದ್ದೂರಿನ ಹುಡುಗನೇ ಮೊದಲು ಕೂಗಿದ್ದು: ‘ಅದು 425ರ ವರ್ಗ!’

ಉಳಿದ ಎರಡನ್ನೂ, 676 ಮತ್ತು 724, ನೋಡಿದೆವು. ಬರಲಿಲ್ಲ. 624 ಮತ್ತು 425ಕ್ಕೆ ಸಾಮಾನ್ಯ ಭಾಜಕ ಇಲ್ಲ. 570001 = 624² + 425², ಇದೊಂದೇ ರೀತಿ. ಮೈಸೂರಿನ ಪಿನ್ ಕೋಡ್ ಅವಿಭಾಜ್ಯ ಸಂಖ್ಯೆ.